ಯಾವ ಹಬ್ಬಕ್ಕೆ ಇಟ್ಟಿರೋದು?

ಅಮೆರಿಕದ ಓಹಾಯೋ ರಾಜ್ಯದಲ್ಲಿ ಡೇಟನ್ ಅಂತ ಒಂದು ಊರು. ಅದರ ಹತ್ತಿರ ಅವರ ವಾಯುಪಡೆಯ ದೊಡ್ಡ ಮ್ಯೂಸಿಯಂ ಇದೆ. ಅಲ್ಲಿನ ಸಂಗ್ರಹದಲ್ಲಿ 80 ಬೆಳ್ಳಿ ಬಟ್ಟಲುಗಳಿವೆ. ಈಗ ಎಲ್ಲವನ್ನೂ ಬೋರಲು ಹಾಕಿದ್ದಾರೆ. ಪ್ರತಿ ಬಟ್ಟಲಿನ ಮೇಲೂ ಒಬ್ಬನ ಹೆಸರನ್ನು ಎರಡು ಸಲ ಕೆತ್ತಿದ್ದಾರೆ, ಒಂದು ನೆಟ್ಟಗೆ, ಇನ್ನೊಂದು ತಲೆಕೆಳಗಾಗಿ. ಬಟ್ಟಲು ಹೇಗಿದ್ದರೂ ಹೆಸರು ಓದೋಕೆ ಬರಲಿ ಅಂತ.

1942ರ ಏಪ್ರಿಲ್ 18ರಂದು ಹಾರ್ನೆಟ್ ಅನ್ನುವ ಯುದ್ಧನೌಕೆಯಿಂದ 16 ಬಿ-25 ವಿಮಾನಗಳಲ್ಲಿ ಹೊರಟು ಟೋಕಿಯೋ ಮತ್ತಿತರ ಊರುಗಳ ಮೇಲೆ ಬಾಂಬು ಹಾಕಿದ 80 ಜನರ ಬಟ್ಟಲುಗಳಿವು. ನಾಯಕನ ಹೆಸರು ಜಿಮ್ಮಿ ಡೂಲಿಟ್ಲ್. (ಆ ದಾಳಿಯಲ್ಲಿ ಜಪಾನಿನ ಸಾಮಾನ್ಯ ಜನರೂ ಸತ್ತರು. ತಪ್ಪಿಸಿಕೊಂಡ ವಿಮಾನದವರಿಗೆ ಆಸರೆ ಕೊಟ್ಟ ತಪ್ಪಿಗೆ ಚೀನಾದ ಹಳ್ಳಿಹಳ್ಳಿಗಳನ್ನೇ ಜಪಾನಿನ ಸೈನ್ಯ ಆಮೇಲೆ ನಾಶ ಮಾಡಿತು. ಹಾಗಾಗಿ ವೀರಗಾಥೆ ಹಾಡೋ ಉಮೇದು ನನಗಿಲ್ಲ. ನನ್ನ ಕಣ್ಣು ಇರೋದು ಬಾಟಲಿ ಮೇಲೆ.) ಯುದ್ಧ ಮುಗಿದ ಮೇಲೆ ಇವರು ಹೆಚ್ಚುಕಮ್ಮಿ ಪ್ರತಿ ವರ್ಷ ಒಂದು ಕಡೆ ಸೇರುತ್ತಿದ್ದರು. 1959ರಲ್ಲಿ ಟೂಸಾನ್ ನಗರದವರು ಈ ಬಟ್ಟಲುಗಳನ್ನು ಕೊಟ್ಟರು. ಒಬ್ಬೊಬ್ಬರೇ ತೀರಿಕೊಂಡ ಹಾಗೆ ಅವರವರ ಬಟ್ಟಲನ್ನು ಬೋರಲು ಹಾಕುವುದು ರೂಢಿಯಾಯ್ತು. ಇವುಗಳ ಜೊತೆಗೇ ಒಂದು ಹೆನ್ನೆಸಿ ಕೊನ್ಯಾಕ್ ಬಾಟಲಿ ಇತ್ತು. 1896ರದ್ದು, ಅಂದರೆ ಡೂಲಿಟ್ಲ್ ಹುಟ್ಟಿದ ವರ್ಷದ್ದು. ಅದಕ್ಕೊಂದು ನಿಯಮ: ಕೊನೆಗೆ ಉಳಿಯುವ ಇಬ್ಬರು ಅದನ್ನು ತೆಗೆದು, ಹೋದವರೆಲ್ಲರ ನೆನಪಿಗೆ ಕುಡಿಯಬೇಕು.

2013ರ ಹೊತ್ತಿಗೆ ನಾಲ್ಕು ಜನ ಉಳಿದಿದ್ದರು. ಎಲ್ಲರೂ ತೊಂಬತ್ತು ದಾಟಿದವರು. ಆ ವರ್ಷ ಅವರು, ಇನ್ನು ಕಾಯೋದು ಬೇಡ ಅಂತ ತೀರ್ಮಾನ ಮಾಡಿದರು. ನವೆಂಬರ್ 9ರಂದು ರಿಚರ್ಡ್ ಕೋಲ್, ಎಡ್ವರ್ಡ್ ಸೇಲರ್, ಡೇವಿಡ್ ಥ್ಯಾಚರ್ ಆ ಮ್ಯೂಸಿಯಂಗೆ ಬಂದರು. ನಾಲ್ಕನೆಯವರು ರಾಬರ್ಟ್ ಹೈಟ್, ಆರೋಗ್ಯ ಸರಿಯಿಲ್ಲದೆ ಬರೋಕಾಗಲಿಲ್ಲ. 98 ವರ್ಷದ ಕೋಲ್ ಬಾಟಲಿ ತೆಗೆದರು. ಮೂವರೂ ಒಂದೊಂದು ಗುಟುಕು ಕುಡಿದರು.

ಇದನ್ನು ಓದಿದ ದಿನದಿಂದ ಒಂದು ಪ್ರಶ್ನೆ ತಲೆಯಲ್ಲಿ ಕೊರೀತಾ ಇದೆ. ಅವರು ಮಾಡಿದ್ದು ಸರಿಯಾ? ಎಷ್ಟೋ ವರ್ಷಗಳಿಂದ ಪಾಲಿಸಿಕೊಂಡು ಬಂದ ಮಾತು ಅದು. ಸತ್ತ 76 ಜನ ಅದನ್ನೇ ನಂಬಿಕೊಂಡು ಸತ್ತಿದ್ದಾರೆ. ಬದುಕಿರೋ ನಾಲ್ಕು ಜನ ಸೇರಿ ಅದನ್ನು ಬದಲಾಯಿಸಬಹುದಾ?

ಉತ್ತರ ಹುಡುಕೋ ಮೊದಲು, ಮಾತನ್ನು ಕೊನೇತನಕ ಉಳಿಸಿಕೊಂಡವರ ಕಥೆಯನ್ನೂ ನೋಡಿಬಿಡೋಣ. ಅದೇ ಅಮೆರಿಕದ ಮಿನ್ನೆಸೋಟಾ ರಾಜ್ಯದ ಸ್ಟಿಲ್‌ವಾಟರ್ ಅನ್ನುವ ಊರಿನಲ್ಲಿ 1885ರಲ್ಲಿ, ಅಲ್ಲಿನ ಅಂತರ್ಯುದ್ಧದಲ್ಲಿ ಹೋರಾಡಿ ಬಂದಿದ್ದ 34 ಜನ ಸೇರಿ ‘ಲಾಸ್ಟ್ ಮ್ಯಾನ್ಸ್ ಕ್ಲಬ್’ ಅಂತ ಒಂದು ಸಂಘ ಕಟ್ಟಿಕೊಂಡರು. ಕೊನೇ ಮನುಷ್ಯನ ಸಂಘ. ಒಂದು ಬರ್ಗಂಡಿ ವೈನ್ ಬಾಟಲಿ ಎತ್ತಿಟ್ಟರು. ಪ್ರತಿ ವರ್ಷ ಸೇರಬೇಕು, ಕೊನೆಗೆ ಉಳಿಯುವ ಒಬ್ಬನು ಆ ವೈನ್ ಕುಡಿದು ಉಳಿದವರಿಗೆ ವಿದಾಯ ಹೇಳಬೇಕು. ಕೊನೆಗೆ ಉಳಿದವರು ಚಾರ್ಲ್ಸ್ ಲಾಕ್‌ವುಡ್. 1930ರಲ್ಲಿ, ನಲವತ್ತೈದು ವರ್ಷ ಕಾದ ಬಾಟಲಿಯನ್ನು ತೆಗೆದರು. ವೈನ್ ಹುಳಿಯಾಗಿ ಹೋಗಿತ್ತು.

ನಿಯಮದಲ್ಲಿ ಒಂದಕ್ಷರವೂ ತಪ್ಪಲಿಲ್ಲ. ಆದರೂ ಹಾಳಾಯ್ತು. ವೈನ್ ಕೆಟ್ಟಿದ್ದಷ್ಟೇ ಅಲ್ಲ. ಆ ನಿಯಮವನ್ನೇ ಒಮ್ಮೆ ಸರಿಯಾಗಿ ನೋಡಿ. ಕುಡಿಯೋ ಹಕ್ಕು ಬರೋದೇ, ಜೊತೆಗೆ ಕುಡಿಯೋರು ಯಾರೂ ಇಲ್ಲ ಅಂತ ಖಾತ್ರಿಯಾದ ಮೇಲೆ! ನಮ್ಮ ಆಫೀಸಲ್ಲಿ ಯಾರಾದರೂ ಇಂಥ ಲಾಜಿಕ್ ಬರೆದುಕೊಂಡು ಬಂದರೆ ಕೋಡ್ ರಿವ್ಯೂನಲ್ಲೇ ವಾಪಸ್ ಕಳಿಸ್ತಾರೆ. ಡೂಲಿಟ್ಲ್ ಕಡೆಯವರು ‘ಕೊನೆಯ ಇಬ್ಬರು’ ಅಂತ ಇಟ್ಟಿದ್ದರು. ಅವರಲ್ಲಿ ಯಾರೋ ಒಬ್ಬರಿಗೆ, ಒಂಟಿಯಾಗಿ ನಿಂತವನು ಬಟ್ಟಲು ಎತ್ತಿ ಯಾರ ಮುಖ ನೋಡಬೇಕು ಅನ್ನೋ ಯೋಚನೆ ಬಂದಿರಬೇಕು.

ಇನ್ನೊಂದು ವಿಷಯವನ್ನೂ ಇಲ್ಲಿ ಹೇಳಬೇಕು. ಕೊನ್ಯಾಕ್ ಅಂದರೆ ಭಟ್ಟಿ ಇಳಿಸಿದ್ದು, ನಲವತ್ತು ಪರ್ಸೆಂಟ್ ಆಲ್ಕೋಹಾಲ್. ಮರದ ಪೀಪಾಯಿಯಲ್ಲಿ ಇರೋತನಕ ಅದು ಬದಲಾಗ್ತಾ ಇರುತ್ತದೆ, ಗಾಜಿನ ಬಾಟಲಿಗೆ ಇಳಿದ ಮೇಲೆ ಬಹುಮಟ್ಟಿಗೆ ಹಾಗೇ ಇರುತ್ತದೆ. ವೈನ್ ಹಾಗಲ್ಲ. ಅದು ಬಾಟಲಿಯೊಳಗೇ ಬೆಳೆಯುತ್ತದೆ, ಮಾಗುತ್ತದೆ, ಆಮೇಲೆ ಮುದಿಯಾಗುತ್ತದೆ. ಬಿರಡೆಯ ಮೂಲಕ ಚೂರುಚೂರೇ ಗಾಳಿ ಒಳಗೆ ಹೋಗ್ತಾ ಇರುತ್ತದೆ. ಒಗರು ಕೊಡೋ ಟ್ಯಾನಿನ್‌ಗಳು ಒಂದಕ್ಕೊಂದು ಅಂಟಿಕೊಂಡು ತಳಕ್ಕೆ ಗಸಿಯಾಗಿ ಕೂರುತ್ತವೆ. ವರ್ಷಗಟ್ಟಲೆ ಇಟ್ಟರೆ ರುಚಿ ಹೆಚ್ಚುವ ವೈನ್‌ಗಳು ಇವೆ, ಆದರೆ ಕಮ್ಮಿ. ಅಂಗಡಿಯಲ್ಲಿ ಸಿಗೋದರಲ್ಲಿ ಬಹುಪಾಲು ನಾಲ್ಕಾರು ವರ್ಷದೊಳಗೆ ಕುಡಿದು ಮುಗಿಸೋಕೇ ಮಾಡಿದ್ದು. ಇಡೋದಾದರೆ 12-14 ಡಿಗ್ರಿ ತಂಪಿನಲ್ಲಿ, ಕತ್ತಲಲ್ಲಿ, ಅಡ್ಡ ಮಲಗಿಸಿ, ಬಿರಡೆ ಒಣಗದ ಹಾಗೆ ಇಡಬೇಕು. ಉಪ್ಪಿನಕಾಯಿ ಜಾಡಿಯಾದರೆ ಮುಚ್ಚಳ ತೆಗೆದು ಒಂದು ಹೋಳು ನಾಲಿಗೆಗೆ ಇಟ್ಟು ನೋಡಿ ಮತ್ತೆ ಮುಚ್ಚಬಹುದು. ವೈನ್ ವಿಷಯದಲ್ಲಿ ಅದಾಗಲ್ಲ. ಹದಕ್ಕೆ ಬಂದಿದೆಯಾ ಅಂತ ನೋಡಬೇಕಾದರೆ ತೆಗೀಲೇಬೇಕು, ತೆಗೆದರೆ ಮುಗೀತು.

ಅಂದರೆ ಡೂಲಿಟ್ಲ್ ಕಡೆಯ ಆ ನಾಲ್ವರಿಗೆ ಬಾಟಲಿ ಕೆಡುತ್ತೆ ಅನ್ನೋ ಅವಸರ ಇರಲಿಲ್ಲ. ಕೊನ್ಯಾಕ್ ಇನ್ನೂ ಐವತ್ತು ವರ್ಷ ಬೇಕಾದರೂ ಕಾಯೋಕೆ ತಯಾರಿತ್ತು. ತಯಾರಿಲ್ಲದೆ ಇದ್ದದ್ದು ಮನುಷ್ಯರು.

ಇಷ್ಟೆಲ್ಲ ಯಾಕೆ ತಿಳ್ಕೊಂಡೆ ಅಂದರೆ, ನಮ್ಮನೇಲೂ ಒಂದು ಬಾಟಲಿ ಇದೆ. ನನ್ನೊಬ್ಬನದಲ್ಲ, ಹಾಸ್ಟೆಲ್ಲಿನ ಒಂದೇ ರೂಮಿನಲ್ಲಿದ್ದ ನಾಲ್ಕು ಜನರದ್ದು. ಬಿ.ಇ. ಮುಗಿದು ನಾಲ್ಕು ವರ್ಷಕ್ಕೆ ನಮ್ಮಲ್ಲೊಬ್ಬ ಮೊದಲನೇ ಸಲ ಕ್ಯಾಲಿಫೋರ್ನಿಯಾಗೆ ಆನ್‌ಸೈಟ್ ಹೋಗಿ ಬಂದ. ಬರ್ತಾ ನಾಪಾ ಕಣಿವೆಯ ಒಂದು ಕೆಂಪು ವೈನ್ ತಂದಿದ್ದ. ಅಲ್ಲೀತನಕ ನಾವು ವೈನ್ ಅಂದರೆ ಏನು ಅಂತ ಕಂಡೋರಲ್ಲ. ಅವತ್ತು ಮೂರು ಜನ ಸೇರಿದ್ವಿ, ನಾಲ್ಕನೆಯವನಿಗೆ ನೈಟ್ ಶಿಫ್ಟ್ ಬಿತ್ತು. “ಅವನಿಲ್ದೆ ತೆಗೆಯೋದು ಬೇಡ ಬಿಡ್ರೋ, ನಾಲ್ಕೂ ಜನ ಇದ್ದಾಗ ನೋಡೋಣ” ಅಂತ ಆಯ್ತು. ಮುಂದಿನ ಶನಿವಾರಕ್ಕೆ ಅಂತ ಎತ್ತಿಟ್ಟದ್ದು, ಹತ್ತು ವರ್ಷದ ಮೇಲಾಯ್ತು. ತಂದವನು ಈಗ ಡಾಲಸ್‌ನಲ್ಲಿದ್ದಾನೆ, ವರ್ಷಕ್ಕೋ ಎರಡು ವರ್ಷಕ್ಕೋ ಒಮ್ಮೆ ಬರ್ತಾನೆ. ಇನ್ನಿಬ್ಬರು ಸೇರಿ ಒಂದು ಸಣ್ಣ ಕಂಪನಿ ಶುರು ಮಾಡಿದರು, ಮೂರು ವರ್ಷ ನಡೀತು, ಮುರೀತು. ದುಡ್ಡಿನ ಲೆಕ್ಕ, ಯಾರು ಎಷ್ಟು ಕೆಲಸ ಮಾಡಿದರು ಅನ್ನೋ ಲೆಕ್ಕ. ಇಬ್ಬರದೂ ಒಂದೊಂದು ಕಥೆ ಇದೆ, ಎರಡೂ ಕೇಳಿದ್ದೀನಿ, ಎರಡರಲ್ಲೂ ನಿಜ ಇದೆ. ಇಬ್ಬರೂ ಬೆಂಗಳೂರಲ್ಲೇ ಇದ್ದಾರೆ, ಹತ್ತು ಕಿಲೋಮೀಟರ್ ದೂರ. ನಾಲ್ಕು ವರ್ಷದಿಂದ ಮಾತಿಲ್ಲ. ಇಬ್ಬರಲ್ಲಿ ಒಬ್ಬನು, ಅವತ್ತು ನೈಟ್ ಶಿಫ್ಟ್ ಬಿದ್ದವನೇ.

ಬಾಟಲಿ ನನ್ನ ಜೊತೆ ಮೂರು ಬಾಡಿಗೆ ಮನೆ ಬದಲಾಯಿಸಿದೆ. ಹನ್ನೆರಡು ಡಿಗ್ರಿ ಎಲ್ಲಿಂದ ತರೋಣ? ಅಡುಗೆಮನೆ ಶೆಲ್ಫಲ್ಲಿ, ರಾಗಿಹಿಟ್ಟಿನ ಡಬ್ಬದ ಹಿಂದೆ ಅದರ ವಾಸ. ಬೆಂಗಳೂರಿನ ಏಪ್ರಿಲ್ ಗೊತ್ತಲ್ಲ.

ಹೋದ ವರ್ಷ ಊರಿಂದ ಅಮ್ಮ ಬಂದಾಗ ರಾಗಿಹಿಟ್ಟು ತೆಗೆಯೋಕೆ ಹೋಗಿ ಅದು ಕೈಗೆ ಸಿಕ್ತು. ನಾನು ಮುಂದೆ ಬರೋ ಮಂಗಳಾರತಿಗೆ ರೆಡಿಯಾದೆ. ಅಮ್ಮ ಬಾಟಲಿಯನ್ನು ಬೆಳಕಿಗೆ ಹಿಡಿದು ನೋಡಿ, ಎಷ್ಟು ದಿನದ್ದು ಅಂತ ಕೇಳಿದಳು. ಹತ್ತು ವರ್ಷ ಅಂದೆ. ಬೈಗುಳ ಬರಲಿಲ್ಲ. “ಹತ್ತು ವರ್ಸನಾ? ಯಾವ ಹಬ್ಬಕ್ಕಪ್ಪಾ ಇಕ್ಕಿರಾದು?” ಅಂದಳು. ವ್ಯಂಗ್ಯ ಅಲ್ಲ. ನಿಜವಾಗಿಯೂ ತಿಳ್ಕೊಳ್ಳೋಕೆ ಕೇಳಿದ್ದು. ಅಮ್ಮನ ಪ್ರಕಾರ ಎತ್ತಿಟ್ಟ ಪ್ರತಿಯೊಂದಕ್ಕೂ ಒಂದು ದಿನ ಇರಲೇಬೇಕು. ಅವರೆಕಾಳು ಇಂಥದ್ದಕ್ಕೆ, ಹೊಸ ಬೆಲ್ಲ ಯುಗಾದಿಗೆ, ಹಪ್ಪಳ ಮಳೆಗಾಲಕ್ಕೆ, ಬಿತ್ತನೆ ರಾಗಿ ಇಂಥ ಮಳೆ ಹುಯ್ದ ಮೇಲಕ್ಕೆ. ದಿನ ಇಲ್ಲದೆ ಎತ್ತಿಟ್ಟದ್ದು ಅವಳ ಲೆಕ್ಕದಲ್ಲಿ ಮರೆತುಬಿಟ್ಟದ್ದು.

ಹಬ್ಬ ಇಲ್ಲದೆ ಎತ್ತಿಡೋದು ನಮ್ಮಲ್ಲೂ ಒಂದಿತ್ತು ನಿಜ. ನಮ್ಮ ಕಡೆ ಹಗೇವು ಅಂತಾರೆ. ನೆಲದಲ್ಲಿ ತೋಡಿದ ಕಣಜ. ಕತ್ತು ಕಿರಿದು, ಹೊಟ್ಟೆ ಅಗಲ, ನೋಡೋಕೆ ಮಣ್ಣಲ್ಲಿ ಹೂತ ಬಾಟಲಿ ಥರಾನೇ. ಅದರಲ್ಲಿ ರಾಗಿ ತುಂಬಿ ಬಾಯಿ ಮುಚ್ಚಿದರೆ ವರ್ಷಗಟ್ಟಲೆ ಕೆಡುತ್ತಿರಲಿಲ್ಲ. ತೆಗೆದ ಕೂಡಲೇ ಒಳಗೆ ಇಳಿಯೋ ಹಾಗಿಲ್ಲ, ಕೆಟ್ಟ ಗಾಳಿ ಹೋಗೋತನಕ ಬಾಯಿ ತೆರೆದು ಬಿಡಬೇಕು. ಅದು ಬರಗಾಲಕ್ಕೆ ಅಂತ ಇಟ್ಟದ್ದು. 1876ರಿಂದ 78ರವರೆಗೆ ಮೈಸೂರು ಸೀಮೆಯಲ್ಲಿ ಲಕ್ಷಗಟ್ಟಲೆ ಜನ ಸತ್ತ ಧಾತು-ಈಶ್ವರ ಬರದಂಥದ್ದಕ್ಕೆ. ಹಗೇವಿನ ರಾಗಿ ಮುಟ್ಟೋ ಪ್ರಸಂಗ ಬರಲಿಲ್ಲ ಅಂದರೆ ಅದು ಸಂತೋಷದ ವಿಷಯ. ನಮ್ಮ ಟರ್ಮ್ ಇನ್ಶೂರೆನ್ಸ್ ಹಾಗೆ, ಉಪಯೋಗಕ್ಕೆ ಬರದೇ ಇದ್ದರೇನೇ ಗೆದ್ದ ಹಾಗೆ.

ನನಗೆ ಗಂಟು ಕಾಣೋದು ಇಲ್ಲೇ. ಕಷ್ಟಕ್ಕೆ ಅಂತ ಎತ್ತಿಡೋದು ಬೇರೆ, ಸಂತೋಷಕ್ಕೆ ಅಂತ ಎತ್ತಿಡೋದು ಬೇರೆ. ಮೊದಲನೆಯದನ್ನು ಮುಟ್ಟದೆ ಇದ್ದಷ್ಟೂ ಒಳ್ಳೇದು. ಎರಡನೆಯದನ್ನು ಮುಟ್ಟದೇ ಇದ್ದರೆ ಅದು ಪೂರ್ತಿ ನಷ್ಟ. ಆದರೆ ಎತ್ತಿಡೋ ಕೈ ಒಂದೇ. ಬರ ಕಂಡವರ ಮೊಮ್ಮಕ್ಕಳು ನಾವು, ಹಗೇವಿನ ಬುದ್ಧಿ ಮೈಯಲ್ಲಿ ಇಳಿದುಬಿಟ್ಟಿದೆ. ಮುಟ್ಟದೆ ಇರೋದೇ ಒಂದು ಗುಣ ಅಂತ ಅನ್ನಿಸಿಬಿಡುತ್ತದೆ. ಸೀರೆ, ಸೆಂಟು, ಗಾಜಿನ ಲೋಟದ ಸೆಟ್ಟು, ಫಾರಿನ್ ಚಾಕಲೇಟು ಎಲ್ಲಕ್ಕೂ ಬರಗಾಲದ ರಾಗಿಯ ಮರ್ಯಾದೆ ಕೊಟ್ಟು ಕಾಪಾಡ್ತೀವಿ. ಕೊನೆಗೆ ಚಾಕಲೇಟು ಬೆಳ್ಳಗಾದ ಮೇಲೆ ಮಕ್ಕಳಿಗೆ ಕೊಡ್ತೀವಿ.

ಹಾಗಂತ, ಇದ್ದದ್ದನ್ನೆಲ್ಲ ಇವತ್ತೇ ತಿಂದು ಮುಗಿಸಿ, ನಾಳೆ ಯಾರು ಕಂಡೋರು ಅನ್ನೋ ವಾದವೂ ನನಗೆ ಒಪ್ಪಿಗೆ ಆಗಲ್ಲ. ವಾಟ್ಸಾಪ್‌ನಲ್ಲಿ ದಿನಾ ಬೆಳಿಗ್ಗೆ ಬರೋ ತತ್ವ ಅದು. ಕಾಯೋದರಲ್ಲಿ ಒಂದು ರುಚಿ ಇದೆ, ಅದನ್ನು ಅಲ್ಲಗಳೆಯೋಕಾಗಲ್ಲ. ಶೆಲ್ಫಲ್ಲಿ ಆ ಬಾಟಲಿ ಕಂಡಾಗಲೆಲ್ಲ ನನಗೆ ಹಾಸ್ಟೆಲ್ ರೂಮು, ಅಲ್ಲಿನ ಒಂದೇ ಫ್ಯಾನಿಗೆ ನಡೀತಿದ್ದ ಜಗಳ ನೆನಪಾಗುತ್ತದೆ. ಅವತ್ತೇ ಕುಡಿದಿದ್ದರೆ ಅರ್ಧ ಗಂಟೆಗೆ ಮುಗಿದು, ಬಾಟಲಿ ಗುಜರಿಯವನ ಪಾಲಾಗ್ತಿತ್ತು. ಇಂಗ್ಲೆಂಡಿನಲ್ಲಿ ಮಗು ಹುಟ್ಟಿದ ವರ್ಷದ ಪೋರ್ಟ್ ವೈನ್ ತೆಗೆದಿಟ್ಟು, ಮಗುವಿಗೆ ಇಪ್ಪತ್ತೊಂದು ತುಂಬಿದಾಗ ತೆಗೆಯೋ ರೂಢಿ ಇತ್ತು. ಒಳ್ಳೇ ವರ್ಷದ ವಿಂಟೇಜ್ ಪೋರ್ಟ್‌ಗೆ ಇಪ್ಪತ್ತು ವರ್ಷ ಅನ್ನೋದು ಹದವಾದ ವಯಸ್ಸು ಕೂಡ. ಅದೂ ಕಾಯೋದೇ. ಆದರೆ ಅಲ್ಲಿ ದಿನ ಗೊತ್ತಿದೆ. ಅಮ್ಮ ಕೇಳಿದರೆ ಉತ್ತರ ಹೇಳಬಹುದು.

ನಮ್ಮ ಮುಹೂರ್ತದ ಕಲ್ಪನೆ ನೋಡಿ. ಮುಹೂರ್ತ ಗೊತ್ತು ಮಾಡಿ ಜನರನ್ನು ಕರೀತೀವೇ ಹೊರತು, ಜನ ಎಲ್ಲ ಸೇರಿದ ಗಳಿಗೆಗೆ ಮುಹೂರ್ತ ಅಂತ ಹೆಸರಿಡಲ್ಲ. ಚಿಕ್ಕಪ್ಪನ ಬಸ್ಸು ಲೇಟು ಅಂತ ಮಾಂಗಲ್ಯ ನಿಲ್ಲಲ್ಲ. ಪಂಚಾಂಗವನ್ನೂ ನೋಡದೆ ಶುಭಕಾರ್ಯ ಶುರು ಮಾಡಬಹುದಾದ ಮೂರೂವರೆ ಮುಹೂರ್ತಗಳಿವೆ: ಯುಗಾದಿ, ಅಕ್ಷಯ ತೃತೀಯ, ವಿಜಯದಶಮಿ, ಬಲಿಪಾಡ್ಯಮಿ ಅರ್ಧ. ಜ್ಯೋತಿಷ್ಯದಲ್ಲಿ ನನಗೆ ಅಷ್ಟು ನಂಬಿಕೆಯಿಲ್ಲ, ಆದರೆ ಈ ಏರ್ಪಾಟು ಮಾಡಿದವರಿಗೆ ಮನುಷ್ಯರ ಸ್ವಭಾವ ಚೆನ್ನಾಗಿ ಗೊತ್ತಿತ್ತು ಅನ್ನಿಸುತ್ತದೆ. ‘ಸರಿಯಾದ ಗಳಿಗೆ’ಯನ್ನು ನಮ್ಮ ತೀರ್ಮಾನಕ್ಕೆ ಬಿಟ್ಟರೆ ನಾವು ಮುಂದೂಡ್ತಾನೇ ಇರ್ತೀವಿ.

ಅಮೆರಿಕದ ಇಬ್ಬರು ಪತ್ರಕರ್ತರಿಗೂ ಇದು ಹೊಳೆದಿತ್ತು. ಡೊರೊಥಿ ಗೇಟರ್ ಮತ್ತು ಜಾನ್ ಬ್ರೆಷರ್, ಗಂಡ ಹೆಂಡತಿ, ವಾಲ್ ಸ್ಟ್ರೀಟ್ ಜರ್ನಲ್‌ನಲ್ಲಿ ವೈನ್ ಬಗ್ಗೆ ಅಂಕಣ ಬರೀತಿದ್ದರು. ತೆಗೆಯೋಕೆ ಮನಸ್ಸು ಬಾರದೆ ಮನೆಯಲ್ಲೇ ಉಳಿದುಹೋದ ಬಾಟಲಿಗಳಿಗಾಗಿ 1999ರಲ್ಲಿ ಒಂದು ರಾತ್ರಿಯನ್ನೇ ಹುಟ್ಟುಹಾಕಿದರು. ‘ಓಪನ್ ದಟ್ ಬಾಟಲ್ ನೈಟ್’. ಆಮೇಲೆ ಅದು ಫೆಬ್ರವರಿಯ ಕೊನೇ ಶನಿವಾರಕ್ಕೆ ನಿಂತಿತು. ಆ ದಿನಕ್ಕೆ ಬೇರೆ ಯಾವ ವಿಶೇಷವೂ ಇಲ್ಲ. ಹಬ್ಬ ಇಲ್ಲದ ಬಾಟಲಿಗಳಿಗೆ ಒಂದು ಹಬ್ಬ, ಅಷ್ಟೇ. ಅಮ್ಮನ ಪ್ರಶ್ನೆಗೆ ಉತ್ತರ ಇಲ್ಲಿತ್ತು.

ದಿನ ಸಿಕ್ಕಿದ ಮಾತ್ರಕ್ಕೆ ನಮ್ಮ ಬಾಟಲಿಯ ಸಮಸ್ಯೆ ಬಗೆಹರಿಯಲ್ಲ. ನಮ್ಮ ನಿಯಮ ದಿನದ ಮೇಲೆ ನಿಂತಿಲ್ಲ, ‘ನಾಲ್ಕೂ ಜನ’ ಅನ್ನೋದರ ಮೇಲೆ ನಿಂತಿದೆ. ಡಾಲಸ್‌ನವನ ಜೊತೆ ಇದನ್ನೇ ಗಂಟೆಗಟ್ಟಲೆ ಮಾತಾಡಿದ್ದೀನಿ. ಅವನ ವಾದ ಹೀಗೆ: ವೈನ್ ಕೆಟ್ಟಿರೋದು ನೂರಕ್ಕೆ ನೂರು ನಿಜ, ಅದು ಬೇರೆ ವಿಷಯ. ಆದರೆ ಅದು ತೆಗೆಯದೆ ಇರೋತನಕ ನಾವು ನಾಲ್ಕು ಜನ. ಇಬ್ಬರನ್ನೋ ಒಬ್ಬನನ್ನೋ ಬಿಟ್ಟು ತೆಗೆದರೆ ಅದು ತೀರ್ಪು ಕೊಟ್ಟ ಹಾಗೆ. ಅವರಿಬ್ಬರ ಜಗಳ ನಮ್ಮ ನಾಲ್ವರ ಮುರುಕಾಗಿಬಿಡುತ್ತದೆ. ಕೆಟ್ಟ ವೈನಾದರೂ ಸರಿ, ಹಾಗೇ ಇರಲಿ.

ಈ ವಾದ ಸುಲಭಕ್ಕೆ ಬಿದ್ದುಹೋಗುವಂಥದ್ದಲ್ಲ. ಕೆಲವು ವಸ್ತುಗಳ ಕೆಲಸವೇ ತೆರೆಯದೆ ಇರೋದು. ನಾನೂ ಎಷ್ಟೋ ದಿನ ಇದನ್ನೇ ಒಪ್ಪಿದ್ದೆ. ಆದರೆ ಪ್ರೋಗ್ರಾಂ ಬರೆಯೋ ನಮಗೆಲ್ಲ ಡೆಡ್‌ಲಾಕ್ ಅಂದರೆ ಏನು ಅಂತ ಗೊತ್ತು. ಅವನು ಬಿಟ್ಟರೆ ನಾನು ಬಿಡ್ತೀನಿ ಅಂತ ಇವನು, ಇವನು ಬಿಟ್ಟರೆ ನಾನು ಬಿಡ್ತೀನಿ ಅಂತ ಅವನು. ಯಾವ ಎರರ್ರೂ ಬರಲ್ಲ, ಸ್ಕ್ರೀನ್ ಮೇಲೆ ಎಲ್ಲ ಶಾಂತ. ಕಾಯ್ತಾ ಇದೆ ಅಂದುಕೊಂಡು ನಾವು ಕೂತಿರ್ತೀವಿ. ಕಾಯುವಿಕೆಗೆ ಟೈಮ್‌ಔಟ್ ಇಡದೆ ಇದ್ದರೆ, ಕಾಯೋದಕ್ಕೂ ಸತ್ತಿರೋದಕ್ಕೂ ಹೊರಗಿಂದ ನೋಡೋರಿಗೆ ವ್ಯತ್ಯಾಸ ಗೊತ್ತಾಗಲ್ಲ. ನಮ್ಮ ಬಾಟಲಿ ನಾಲ್ವರ ಗೆಳೆತನವನ್ನು ಕಾಯ್ತಾ ಇದೆ ಅಂತ ನಾವು ಹೇಳ್ಕೋತಿದ್ದೀವಿ. ಅದರ ನೆಪದಲ್ಲಿ ಅವರಿಬ್ಬರಿಗೂ ಫೋನ್ ಮಾಡೋ ಕಷ್ಟದಿಂದ ನಾವಿಬ್ಬರು ತಪ್ಪಿಸಿಕೊಂಡಿರೋದೂ ಅಷ್ಟೇ ನಿಜ ಇರಬಹುದು.

ನನಗೆ ದಾರಿ ತೋರಿಸಿದ್ದು ಬಾಟಲಿ ತೆಗೆದ ಕೋಲ್ ಅಲ್ಲ, ಅಲ್ಲಿಗೆ ಬರದೇ ಹೋದ ರಾಬರ್ಟ್ ಹೈಟ್. 1942ರ ದಾಳಿಯಲ್ಲಿ ಜಪಾನೀಯರ ಕೈಗೆ ಸಿಕ್ಕ ಎಂಟು ಜನರಲ್ಲಿ ಅವರೊಬ್ಬರು. ಎಂಟರಲ್ಲಿ ಮೂವರನ್ನು ಕೊಂದರು, ಒಬ್ಬ ಸೆರೆಯಲ್ಲೇ ಸತ್ತ. ಹೈಟ್ ಮೂರು ವರ್ಷಕ್ಕೂ ಹೆಚ್ಚು ಸೆರೆಯಲ್ಲಿದ್ದು ಬದುಕಿ ಬಂದವರು. 2013ರಲ್ಲಿ ಆ ಮೂವರು ಅವರಿಲ್ಲದೆಯೇ ಕುಡಿದರು. ಆದರೆ ಹೈಟ್ ಬಟ್ಟಲನ್ನು ಯಾರೂ ಬೋರಲು ಹಾಕಲಿಲ್ಲ. ಬಟ್ಟಲು ಬೋರಲಾಗೋದು ಸತ್ತವರದ್ದು ಮಾತ್ರ, ಬರದೇ ಇದ್ದವರದ್ದಲ್ಲ. ಹೈಟ್ 2015ರಲ್ಲಿ ತೀರಿಕೊಂಡರು, ಅದೇ ವರ್ಷ ಸೇಲರ್ ಕೂಡ. ಮರುವರ್ಷ ಥ್ಯಾಚರ್. ಕೋಲ್ 103 ವರ್ಷ ಬದುಕಿ 2019ರಲ್ಲಿ ಹೋದರು. ನಿಯಮದ ಪ್ರಕಾರವೇ ನಡೆದಿದ್ದರೆ, 2015ರ ಮಾರ್ಚ್ ಕೊನೆಯಿಂದ ಥ್ಯಾಚರ್ ತೀರಿಕೊಂಡ ದಿನದವರೆಗಿನ ಒಂದು ವರ್ಷ ಚಿಲ್ಲರೆ ಅವಧಿಯಲ್ಲಿ, ದೂರದೂರದ ಊರುಗಳಲ್ಲಿದ್ದ ತೊಂಬತ್ತು ದಾಟಿದ ಇಬ್ಬರು ಹೇಗೋ ಸೇರಿ ಆ ಬಾಟಲಿ ತೆಗೀಬೇಕಿತ್ತು.

76 ಸತ್ತವರಿಗೆ ಕೊಟ್ಟ ಮಾತು ಮುರೀತಾ ಅನ್ನೋ ಪ್ರಶ್ನೆಗೆ ಈಗ ನನ್ನ ಉತ್ತರ, ಇಲ್ಲ. ಮಾತಿನ ಒಳಗಿದ್ದದ್ದು ‘ಇಬ್ಬರು’ ಅನ್ನೋ ಲೆಕ್ಕ ಅಲ್ಲ, ಹೋದವರನ್ನು ಉಳಿದವರು ಜೊತೆಯಾಗಿ ನೆನೆಯಬೇಕು ಅನ್ನೋದು. ಆ ಲೆಕ್ಕ ಈ ಕೆಲಸಕ್ಕೆ ಅಡ್ಡ ಬರೋ ಹಾಗಾದಾಗ ಅವರು ಲೆಕ್ಕವನ್ನು ಬಿಟ್ಟರು. ಅದೂ ಒಬ್ಬರ ಹಟಕ್ಕಲ್ಲ, ಉಳಿದವರೆಲ್ಲ ಕೂಡಿ ಮಾತಾಡಿಕೊಂಡು. ನಮ್ಮ ವಿಷಯದಲ್ಲಿ ಹಾಗೆ ಕೂಡಿ ಮಾತಾಡೋದೇ ಆಗದ ಕೆಲಸ, ಅದೇ ತೊಡಕು. ಅಷ್ಟಕ್ಕೂ ನಮ್ಮ ನಿಯಮ ಹುಟ್ಟಿದ್ದು ಒಬ್ಬನಿಗೆ ನೈಟ್ ಶಿಫ್ಟ್ ಬಿದ್ದದ್ದಕ್ಕೆ. ‘ಅವನು ಬರಲಿ’ ಅನ್ನೋದೇ ಅದರ ಅರ್ಥ. ಬರೋಕೆ ಹೇಳಬೇಕಾದರೆ ಒಂದು ದಿನ ಬೇಕಲ್ಲ.

ಡಾಲಸ್‌ನವನು ಬರೋ ಫೆಬ್ರವರಿಯಲ್ಲಿ ಇಲ್ಲಿರ್ತಾನೆ, ತಂಗಿ ಮದುವೆ. ಕೊನೇ ಶನಿವಾರ ಸಂಜೆ ಏಳು ಗಂಟೆಗೆ ನಮ್ಮನೆ ಅಂತ ನಾನು ಇಬ್ಬರಿಗೂ ಬೇರೆಬೇರೆ ಮೆಸೇಜ್ ಹಾಕಿದ್ದೀನಿ. ಇನ್ನೊಬ್ಬನೂ ಬರ್ತಾನೆ ಅನ್ನೋದನ್ನು ಮುಚ್ಚಿಡಲಿಲ್ಲ. ಯಾರು ಬಂದರೂ ಬರದೇ ಇದ್ದರೂ ತೆಗೀತೀವಿ, ಲೋಟ ಮಾತ್ರ ನಾಲ್ಕು ಇಡ್ತೀನಿ ಅಂತಲೂ ಬರೆದೆ. ಒಬ್ಬ ‘ನೋಡೋಣ’ ಅಂದಿದ್ದಾನೆ. ಇನ್ನೊಬ್ಬ ಓದಿದ್ದಾನೆ, ಎರಡು ನೀಲಿ ಗೆರೆ ಬಂದಿದೆ, ಅಷ್ಟೇ. ಡಾಲಸ್‌ನವನಿಗೆ ಇನ್ನೂ ಪೂರ್ತಿ ಸಮಾಧಾನ ಇಲ್ಲ, ಒಂದು ವೇಳೆ ನಾವಿಬ್ಬರೇ ಆಗಿಬಿಟ್ಟರೆ ಆ ಎರಡು ಖಾಲಿ ಲೋಟ ನೋಡ್ಕೊಂಡು ಹೇಗೋ ಕೂರೋದು ಅಂತಾನೆ.

ಹೋದ ವಾರ ಫೋನಲ್ಲಿ ಅಮ್ಮನಿಗೆ, ಆ ಬಾಟಲಿಗೆ ಹಬ್ಬ ಗೊತ್ತಾಯ್ತು ಅಂದೆ. ಯಾವುದು ಅಂತ ಕೇಳಿದಳು, ಫೆಬ್ರವರಿ ಕೊನೇ ಶನಿವಾರ ಅಂದೆ. “ಶನಿವಾರನಾ? ಹಂಗಾರೆ ಕೋಳಿ ಬ್ಯಾಡ, ಅವರೆಕಾಳು ಕಳಿಸ್ತೀನಿ. ಎಷ್ಟು ಜನ ಬರ್ತಾರೆ?” ಅಂದಳು. ನಾಲ್ಕು ಅಂತ ಹೇಳಿದ್ದೀನಿ.